ಬಿದ್ದವರಿಗೆ ಬಾಗಿಲು ತೆರೆದ ಚರಿತ್ರೆ: ಶ್ರೀರಂಗಪಟ್ಟಣದಿಂದ ಸಾತಹಳ್ಳಿಯವರೆಗೆ

'ಮಾಡಿದ್ದುಣ್ಣೋ ಮಹರಾಯ' ಎಂಬ ಗಾದೆಯನ್ನು ಕೇಳದವರು ನಮ್ಮ ನಾಡಿನಲ್ಲಿ ಇರಲಾರರು. ನೆರೆಮನೆಯವರ ಬೆಳೆ ಹಾಳಾದಾಗ, ಬಂಧುವೊಬ್ಬರ ಮಗ ದಾರಿ ತಪ್ಪಿದಾಗ, ಯಾರಿಗೋ ಕೆಟ್ಟ ಕಾಯಿಲೆ ಬಂದಾಗ ಈ ಮಾತು ನಮ್ಮ ಬಾಯಿಗೆ ತಾನಾಗಿ ಬರುತ್ತದೆ. ಅದೇ ಕಷ್ಟ ನಮ್ಮ ಮನೆಯ ಹೊಸಿಲು ದಾಟಿ ಬಂದರೆ ಮಾತು ಬದಲಾಗುತ್ತದೆ: 'ದೇವರೇ, ನಾವು ಯಾವ ಪಾಪ ಮಾಡಿದ್ದೆವು?' ಎಂದು ಕೇಳುತ್ತೇವೆ. ಮೊದಲನೆಯದು ತೀರ್ಪು, ಎರಡನೆಯದು ಗೋಳು. ಆದರೆ ಎರಡರ ಹಿಂದೆಯೂ ಇರುವ ನಂಬಿಕೆ ಒಂದೇ. ದೇವರು ಲೆಕ್ಕದ ಪುಸ್ತಕ ಹಿಡಿದು ಕುಳಿತಿದ್ದಾರೆ, ತಪ್ಪಿಗೆ ತಕ್ಕ ಪೆಟ್ಟನ್ನು ಅಳೆದು ಕೊಡುತ್ತಾರೆ ಎಂಬ ನಂಬಿಕೆ ಅದು.

ತಪಸ್ಸು ಕಾಲದಲ್ಲಿ ಹಣೆಗೆ ವಿಭೂತಿ ಧರಿಸಿ ಪಶ್ಚಾತ್ತಾಪದ ಮಾತನ್ನಾಡುವ ನಾವು ಈ ನಂಬಿಕೆಯನ್ನು ಒಮ್ಮೆ ಪರೀಕ್ಷಿಸಿ ನೋಡಬೇಕು. ದೇವರು ಶಿಕ್ಷಿಸುತ್ತಾರೆಯೆ? ಶಿಕ್ಷಿಸುವುದಾದರೆ ಹೇಗೆ, ಯಾತಕ್ಕಾಗಿ? ಬಿದ್ದವನು ಎದ್ದು ಬಂದರೆ ಧರ್ಮಸಭೆ ಅವನನ್ನು ಏನು ಮಾಡಬೇಕು? ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ನಮ್ಮ ಹಾಸನ ಸೀಮೆಯ ಕ್ರೈಸ್ತ ಚರಿತ್ರೆಯೇ ಈ ಪ್ರಶ್ನೆಗೆ ಬಲು ಹತ್ತಿರದಲ್ಲಿದೆ.

ಶಿಕ್ಷೆಯೂ ಶಿಕ್ಷಣವೂ

ಮೊದಲು ಒಂದು ಮಾತಿನ ಅರ್ಥವನ್ನು ನೋಡೋಣ. ಶಿಕ್ಷೆ, ಶಿಕ್ಷಣ, ಶಿಕ್ಷಕ ಈ ಮೂರೂ ಒಂದೇ ಬೇರಿನಿಂದ ಹುಟ್ಟಿದ ಪದಗಳು. 'ಕಲಿಯುವುದು, ಕಲಿಸುವುದು' ಎಂಬುದೇ ಆ ಬೇರಿನ ಅರ್ಥ. ಹಿಬ್ರಿಯರಿಗೆ ಬರೆದ ಪತ್ರದ 12ನೆಯ ಅಧ್ಯಾಯದಲ್ಲಿ ದೇವರ ಶಿಸ್ತಿನ ಬಗ್ಗೆ ಹೇಳುವಾಗ ಬಳಸಿರುವ ಗ್ರೀಕ್ ಪದ 'ಪೈದೇಯ'. ಅದಕ್ಕೂ ಮಗುವನ್ನು ಬೆಳೆಸಿ ತಿದ್ದುವುದು ಎಂಬ ಅರ್ಥವೇ ಇದೆ. ಆ ಪತ್ರದ ವಾದ ಸರಳವಾದುದು: ತಂದೆ ತಿದ್ದುವುದು ತನ್ನ ಮಗನನ್ನು, ಬೀದಿಯಲ್ಲಿ ಹೋಗುವವನನ್ನಲ್ಲ. ತಿದ್ದಿಸಿಕೊಳ್ಳುವ ಹೊತ್ತಿನಲ್ಲಿ ದುಃಖವಾಗುತ್ತದೆ. ಆದರೆ ಅದರ ಫಲ ಸಮಾಧಾನ. ದಂಡನೆಯ ಕಣ್ಣು ಹಿಂದೆ ನಡೆದ ತಪ್ಪಿನ ಮೇಲೆ. ಶಿಕ್ಷಣದ ಕಣ್ಣು ಮುಂದೆ ಬಾಳಬೇಕಾದ ಮನುಷ್ಯನ ಮೇಲೆ.

ಹಳೆಯ ಒಡಂಬಡಿಕೆಯ ಇಸ್ರಯೇಲರು ಬಾಬಿಲೋನಿನ ಸೆರೆವಾಸವನ್ನು ದೇವರ ಶಿಕ್ಷೆ ಎಂದೇ ಅರಿತರು. ಆದರೆ ಅದೇ ಸೆರೆನಾಡಿನಲ್ಲಿದ್ದ ಪ್ರವಾದಿ ಯೆಜೆಕಿಯೇಲರು 18ನೆಯ ಅಧ್ಯಾಯದಲ್ಲಿ ಎರಡು ಮುಖ್ಯ ವಿಷಯಗಳನ್ನು ಸ್ಪಷ್ಟಪಡಿಸಿದರು. ಅಪ್ಪ ತಿಂದ ಹುಳಿಗೆ ಮಗನ ಹಲ್ಲು ಚಳಿಯುವುದಿಲ್ಲ, ಅಂದರೆ ಹಿರಿಯರ ಪಾಪ ಮಕ್ಕಳ ಮೇಲೆ ಹೊರೆಯಾಗುವುದಿಲ್ಲ ಎಂಬುದು ಒಂದು. ದುಷ್ಟನ ಸಾವಿನಲ್ಲಿ ದೇವರಿಗೆ ಸಂತೋಷವಿಲ್ಲ, ಅವನು ತಿರುಗಿಕೊಂಡು ಬದುಕಬೇಕೆಂಬುದೇ ಅವರ ಇಚ್ಛೆ ಎಂಬುದು ಇನ್ನೊಂದು. ಈ ಎರಡು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ನಮ್ಮ ನಾಡಿನದೇ ಒಂದು ಸೆರೆವಾಸದ ಕಥೆಗೆ ಬರೋಣ.

ಹದಿನೈದು ವರ್ಷಗಳ ಸೆರೆ

ಎರಡನೆಯ ಮೈಸೂರು ಯುದ್ಧದ ಕೊನೆಯಲ್ಲಿ ಮಂಗಳೂರಿನ ಕೋಟೆ ಇಂಗ್ಲಿಷರಿಂದ ಟಿಪ್ಪು ಸುಲ್ತಾನನ ಕೈಗೆ ಮರಳಿತು. ಕರಾವಳಿಯ ಕ್ರೈಸ್ತರು ಶತ್ರುವಿಗೆ ನೆರವಾದರೆಂಬ ಸಂಶಯ ಅವನಿಗಿತ್ತು. 1784ರಲ್ಲಿ, ವಿಭೂತಿ ಬುಧವಾರದ ಹೊತ್ತಿಗೆ ಎಂದು ಪರಂಪರೆ ನೆನೆಯುತ್ತದೆ, ಅವರನ್ನು ಊರೂರಿನಿಂದ ಹಿಡಿದು, ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. ಅವರ ಸಂಖ್ಯೆಯನ್ನು ಬರೆದವರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಮುಂದೆ ನಾವು ನೋಡಲಿರುವ ಅಬ್ಬೆ ದುಬ್ವಾ ಅವರ ಲೆಕ್ಕದಲ್ಲಿ ಅದು 60 ಸಾವಿರಕ್ಕೂ ಹೆಚ್ಚು. ದಾರಿಯಲ್ಲಿ ಸತ್ತವರು ಅನೇಕರು. ಬದುಕಿದವರನ್ನು ಬಲವಂತದಿಂದ ಮತಾಂತರಿಸಲಾಯಿತು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಸೆರೆ ಮುಗಿಯಿತು. ಹದಿನೈದು ವರ್ಷವೆಂದರೆ ಸೆರೆಯಲ್ಲಿ ಹುಟ್ಟಿದ ಮಗು ಹರೆಯಕ್ಕೆ ಬರುವಷ್ಟು ಕಾಲ. ಗುರುಗಳಿಲ್ಲ, ಬಲಿಪೂಜೆಯಿಲ್ಲ, ಹಬ್ಬವಿಲ್ಲ. ಹೊರಗೆ ಒಂದು ಹೆಸರು, ಮನಸ್ಸಿನೊಳಗೆ ಇನ್ನೊಂದು ಹೆಸರು. ಇಂಥ ಜನ ಈಗ ಧರ್ಮಸಭೆಯ ಬಾಗಿಲಿಗೆ ಮರಳಿ ಬಂದು ನಿಂತರು. ಅವರು ತಪ್ಪಿತಸ್ಥರೋ, ನೊಂದವರೋ?

ಈ ಚರಿತ್ರೆಯನ್ನು ನೆನೆಯುವುದು ಯಾವ ನೆರೆಯವರ ಮೇಲೂ ಹಗೆ ಸಾಧಿಸಲಿಕ್ಕಲ್ಲ. ಅಂದಿನ ಅರಸನ ಕೃತ್ಯಕ್ಕೆ ಇಂದಿನ ಯಾರೂ ಹೊಣೆಯಲ್ಲ. ಯೆಜೆಕಿಯೇಲರ ಮಾತು ನಮಗೆ ಅನ್ವಯಿಸುವಂತೆ ನೆರೆಯವರಿಗೂ ಅನ್ವಯಿಸುತ್ತದೆ. ನಮ್ಮ ಪ್ರಶ್ನೆ ಬೇರೆ: ಮರಳಿ ಬಂದವರನ್ನು ನಮ್ಮವರು ಹೇಗೆ ನಡೆಸಿಕೊಂಡರು?

ಕಾರ್ಥೇಜಿನಲ್ಲಿ ಎದ್ದ ಜಗಳ

ಈ ಪ್ರಶ್ನೆ ಧರ್ಮಸಭೆಗೆ ಹೊಸದಾಗಿರಲಿಲ್ಲ. ಅದಕ್ಕೂ ಸಾವಿರದೈನೂರು ವರ್ಷಗಳ ಹಿಂದೆ, ಕ್ರಿ.ಶ. 250ರ ಸುಮಾರಿಗೆ, ರೋಮ್ ಚಕ್ರವರ್ತಿ ದೇಸಿಯುಸ್ ಎಲ್ಲರೂ ರಾಜ್ಯದ ದೇವತೆಗಳಿಗೆ ಬಲಿ ಅರ್ಪಿಸಿ ಅದಕ್ಕೊಂದು ಪ್ರಮಾಣಪತ್ರ ಪಡೆಯಬೇಕೆಂದು ಆಜ್ಞೆ ಹೊರಡಿಸಿದ. ಕೆಲವರು ಪ್ರಾಣ ಕೊಟ್ಟರು. ಬಹಳ ಜನ ಹೆದರಿ ಬಲಿ ಅರ್ಪಿಸಿದರು. ಇನ್ನು ಕೆಲವರು ಬಲಿ ಅರ್ಪಿಸದೆ, ಅಧಿಕಾರಿಗೆ ಲಂಚ ಕೊಟ್ಟು ಪತ್ರವನ್ನು ಮಾತ್ರ ಬರೆಸಿಕೊಂಡರು. ಬಲಿ ಅರ್ಪಿಸಿದ್ದಕ್ಕೆ ಕೊಟ್ಟ ಇಂಥ ಹಲವು ಪತ್ರಗಳು ಈಜಿಪ್ಟಿನ ಮರಳಿನಲ್ಲಿ ದೊರೆತಿವೆ.

ಹಿಂಸೆ ತಣ್ಣಗಾದ ಮೇಲೆ ಬಿದ್ದವರೆಲ್ಲ ಅಳುತ್ತಾ ಮರಳಿ ಬಂದರು. ಆಗ ಧರ್ಮಸಭೆಯಲ್ಲಿ ದೊಡ್ಡ ಜಗಳ ಎದ್ದಿತು. ರೋಮಿನ ಗುರು ನೊವಾಸಿಯನ್ ಹಾಗೂ ಅವನ ಕಡೆಯವರು 'ಇವರಿಗೆ ಧರ್ಮಸಭೆಯಲ್ಲಿ ಇನ್ನು ಜಾಗವಿಲ್ಲ' ಎಂದರು. ಇನ್ನೊಂದು ಗುಂಪು ಏನೂ ನಡೆದೇ ಇಲ್ಲವೆಂಬಂತೆ ಮರುದಿನವೇ ಪರಮಪ್ರಸಾದ ಕೊಡಲು ಹೊರಟಿತು. ಕಾರ್ಥೇಜಿನ ಧರ್ಮಾಧ್ಯಕ್ಷರಾದ ಸಂತ ಸಿಪ್ರಿಯಾನರೂ ಜಗದ್ಗುರು ಸಂತ ಕೊರ್ನೇಲಿಯುಸರೂ ಈ ಎರಡೂ ದಾರಿಯನ್ನು ಒಪ್ಪಲಿಲ್ಲ. 251ರಲ್ಲಿ ಕಾರ್ಥೇಜಿನಲ್ಲಿ ಧರ್ಮಾಧ್ಯಕ್ಷರು ಸಭೆ ಸೇರಿ, ಬಿದ್ದವರನ್ನು ಸ್ವೀಕರಿಸಬೇಕು, ಆದರೆ ಪ್ರಾಯಶ್ಚಿತ್ತದ ದಾರಿಯಲ್ಲಿ ಸ್ವೀಕರಿಸಬೇಕು ಎಂದು ತೀರ್ಮಾನಿಸಿದರು. ಪತ್ರ ಬರೆಸಿಕೊಂಡವರ ಸಂಗತಿಯನ್ನು ಒಬ್ಬೊಬ್ಬರಾಗಿ ವಿಚಾರಿಸಿ ಸೇರಿಸಿಕೊಳ್ಳುವುದು, ಬಲಿ ಅರ್ಪಿಸಿದವರು ದೀರ್ಘಕಾಲ ಪ್ರಾಯಶ್ಚಿತ್ತ ಮಾಡುವುದು ಎಂದಾಯಿತು. ಮರುವರ್ಷದ ಸುಮಾರಿಗೆ ಮತ್ತೊಂದು ಹಿಂಸೆಯ ಮೋಡ ಕವಿದಾಗ ಅದೇ ಧರ್ಮಾಧ್ಯಕ್ಷರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಪ್ರಾಯಶ್ಚಿತ್ತದಲ್ಲಿದ್ದ ಎಲ್ಲರಿಗೂ ಅವಧಿ ಮುಗಿಯುವ ಮೊದಲೇ ಸಮಾಧಾನ ನೀಡಿದರು. ಯುದ್ಧಕ್ಕೆ ಕಳುಹಿಸುವಾಗ ಆಯುಧವಿಲ್ಲದೆ ಕಳುಹಿಸಬಾರದು, ಪರಮಪ್ರಸಾದವೇ ಅವರ ಬಲ ಎಂಬುದು ಅವರ ವಾದವಾಗಿತ್ತು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಮೊದಲ ಹಿಂಸೆಯ ಕಾಲದಲ್ಲಿ ಸಿಪ್ರಿಯಾನರು ತಾವೇ ಊರು ಬಿಟ್ಟು ಮರೆಯಲ್ಲಿದ್ದರು. ಅದಕ್ಕಾಗಿ ಟೀಕೆಯನ್ನೂ ಕೇಳಿದರು. ಮುಂದೆ 258ರ ಸೆಪ್ಟೆಂಬರ್ 14ರಂದು ಅವರು ಧೈರ್ಯವಾಗಿ ಕತ್ತಿಗೆ ಕೊರಳೊಡ್ಡಿ ರಕ್ತಸಾಕ್ಷಿಯಾದರು. ಒಂದು ದಿನ ಹಿಂಜರಿದವನು ಇನ್ನೊಂದು ದಿನ ಗಟ್ಟಿಯಾಗಿ ನಿಲ್ಲಬಲ್ಲ. ಹಾಗಲ್ಲದಿದ್ದರೆ ನಮಗೆ ಸಂತ ಪೇತ್ರರೇ ಇರುತ್ತಿರಲಿಲ್ಲ. ಕೋಳಿ ಕೂಗುವ ಮುನ್ನ ಮೂರು ಸಲ ಅಲ್ಲಗಳೆದ ಪೇತ್ರರನ್ನು ಪುನರುತ್ಥಾನರಾದ ಪ್ರಭು ಕೆರೆದಂಡೆಯಲ್ಲಿ ಮೂರು ಸಲ ಪ್ರೀತಿಯ ಪ್ರಶ್ನೆ ಕೇಳಿ, ಮೂರು ಸಲವೂ ಕುರಿಗಳನ್ನು ಅವರ ಕೈಗೆ ಒಪ್ಪಿಸಿದರು. ಅವರು ಮೊದಲು ಊಟ ಬಡಿಸಿದರು, ಆಮೇಲೆ ಪ್ರಶ್ನೆ ಕೇಳಿದರು. ಈ ಕ್ರಮವನ್ನು ನಾವು ಮರೆಯಬಾರದು.

ದೊಡ್ಡಸ್ವಾಮಿಯವರ ಎರಡು ಮಾತು

ಶ್ರೀರಂಗಪಟ್ಟಣದಲ್ಲಿ ಚದುರಿದ್ದ ಮಂದೆಯನ್ನು ಒಟ್ಟುಗೂಡಿಸಲು ಬಂದವರು ಪ್ಯಾರಿಸ್ ವಿದೇಶಿ ಮಿಷನ್ ಸಂಸ್ಥೆಯ ಫ್ರೆಂಚ್ ಗುರು ಅಬ್ಬೆ ದುಬ್ವಾ. 1792ರಲ್ಲಿ ಭಾರತಕ್ಕೆ ಬಂದ ಅವರು ಈ ನೆಲದವರಂತೆ ಉಡುಪು ಧರಿಸಿ, ಈ ನೆಲದ ಊಟ ಉಂಡು, ಈ ನೆಲದ ಭಾಷೆಗಳನ್ನು ಆಡುತ್ತಾ ಬಾಳಿದರು. ಜನ ಅವರನ್ನು 'ದೊಡ್ಡಸ್ವಾಮಿಯವರು' ಎಂದು ಕರೆದರು. ಶ್ರೀರಂಗಪಟ್ಟಣದ ಗಂಜಾಂನಲ್ಲಿರುವ ದೇವಾಲಯದೊಂದಿಗೆ ಅವರ ಹೆಸರು ಇಂದಿಗೂ ಸೇರಿಕೊಂಡಿದೆ.

1823ರಲ್ಲಿ ಸ್ವದೇಶಕ್ಕೆ ಮರಳಿದ ದುಬ್ವಾ ಅದೇ ವರ್ಷ ಭಾರತದ ಕ್ರೈಸ್ತಧರ್ಮದ ಸ್ಥಿತಿಗತಿಯ ಬಗ್ಗೆ ಪತ್ರರೂಪದ ಪುಸ್ತಕವೊಂದನ್ನು ಪ್ರಕಟಿಸಿದರು. ಅದರಲ್ಲಿ ಸೆರೆಯಲ್ಲಿದ್ದವರ ಬಗ್ಗೆ ಅವರ ಮಾತು ಬಹಳ ಕಟುವಾಗಿದೆ. ಇಷ್ಟು ಸಾವಿರ ಜನರಲ್ಲಿ ವಿಶ್ವಾಸಕ್ಕಾಗಿ ಪ್ರಾಣ ಕೊಡುವ ಧೈರ್ಯ ಒಬ್ಬರಿಗೂ ಬರಲಿಲ್ಲವೆಂದು ಅವರು ನಾಚಿ ನೊಂದು ಬರೆದಿದ್ದಾರೆ. ಅಂಥದೇ ಪರೀಕ್ಷೆ ಮತ್ತೊಮ್ಮೆ ಬಂದರೆ ಫಲವೂ ಅದೇ ಆದೀತೆಂಬ ಅಂಜಿಕೆಯನ್ನೂ ತೋಡಿಕೊಂಡಿದ್ದಾರೆ.

ಆದರೆ ಅದೇ ಪುಟಗಳಲ್ಲಿ ಇನ್ನೊಂದು ಸಂಗತಿಯೂ ಇದೆ. ಸೆರೆ ಬಿಡುಗಡೆಯಾದೊಡನೆ ಬದುಕುಳಿದವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಧರ್ಮಸಭೆಗೆ ಮರಳಿದರು. ತಾವು ಬಿಟ್ಟದ್ದು ಹೊರಗಿನ ಆಚರಣೆಯನ್ನು ಮಾತ್ರ, ಹೃದಯದಲ್ಲಿ ಕ್ರಿಸ್ತರನ್ನು ಬಿಡಲಿಲ್ಲ ಎಂದು ಹೇಳಿಕೊಂಡರು. ಹೀಗೆ ಸುಮಾರು 2,000 ಜನ ದುಬ್ವಾ ಅವರ ಬಳಿಗೇ ಬಂದರು. 20,000ದಷ್ಟು ಜನ ಮಂಗಳೂರಿನ ಕಡೆಗೆ ಮರಳಿ ತಮ್ಮ ದೇವಾಲಯಗಳನ್ನು ಮತ್ತೆ ಕಟ್ಟಿಕೊಂಡರು ಎಂದು ಅವರೇ ದಾಖಲಿಸಿದ್ದಾರೆ.

ಲೇಖನಿ ಹಿಡಿದಾಗ ಕಟುವಾಗಿ ತೀರ್ಪಿತ್ತ ಗುರುವೇ ಮುಂದೆ ಬಂದು ನಿಂತ ಮನುಷ್ಯನಿಗೆ ಬಾಗಿಲು ಮುಚ್ಚಲಿಲ್ಲ. ಮನಸ್ಸಿನಲ್ಲಿ ಏನೇ ಇರಲಿ, ಗುರುವಾಗಿ ಅವರು ಮಾಡಿದ್ದು ಧರ್ಮಸಭೆಯ ಕೆಲಸ. ಕ್ಷಮೆ ನೀಡುವುದು ಗುರುವಿನ ಸ್ವಂತ ಅಭಿಪ್ರಾಯವಲ್ಲ. ಅದು ಕ್ರಿಸ್ತರದು, ಗುರು ಅದನ್ನು ಹಂಚುವವರು ಮಾತ್ರ. ಪಾಪಸಂಕೀರ್ತನೆಯ ಮಂಚಿಕೆಯಲ್ಲಿ ಮೊಣಕಾಲೂರುವ ನಮಗೆಲ್ಲ ಇದು ದೊಡ್ಡ ಸಮಾಧಾನ. ಬಲವಂತ ಮತ್ತು ಭಯ ಮನುಷ್ಯನ ಹೊಣೆಯನ್ನು ತಗ್ಗಿಸುತ್ತವೆ, ಕೆಲವೊಮ್ಮೆ ಇಲ್ಲವಾಗಿಸುತ್ತವೆ ಎಂದು ಕಥೋಲಿಕ ಧರ್ಮಸಭೆಯ ಧರ್ಮೋಪದೇಶವು ಬೋಧಿಸುತ್ತದೆ. ಕತ್ತಿಯ ಕೆಳಗೆ ತಲೆಬಾಗಿದ ತಾಯಿಯೊಬ್ಬಳನ್ನು ತೂಗುವ ತಕ್ಕಡಿ ದೇವರ ಕೈಯಲ್ಲಿದೆ. ಅದು ನಮ್ಮ ಕೈಯಲ್ಲಿ ಇಲ್ಲದಿರುವುದೇ ಒಳ್ಳೆಯದು.

ಕ್ಷಮೆಯ ಮೇಲೆ ಒಂದು ಹೊಲ

ದುಬ್ವಾ ಅವರ ಕೆಲಸ ಅಷ್ಟಕ್ಕೇ ನಿಲ್ಲಲಿಲ್ಲ ಎಂಬುದು ನಮ್ಮ ಹಾಸನದವರಿಗೆ ಮುಖ್ಯ ವಿಷಯ. ಯುದ್ಧ, ಬರಗಳಿಂದ ಮೈಸೂರು ಸೀಮೆ ಬಡವಾಗಿತ್ತು. ತಮ್ಮ ಜನರಿಗೆ ಅನ್ನದ ದಾರಿ ಮಾಡಿಕೊಡಲು ಅವರು ಕೃಷಿ ನೆಲೆಗಳನ್ನು ಸ್ಥಾಪಿಸಿದರು. ಅವುಗಳಲ್ಲಿ ಹೆಸರಾದದ್ದು ಹಾಸನದ ಬಳಿಯ ಸಾತಹಳ್ಳಿ. ಉಳುವವನಿಗೆ ನೆಲ, ನೆಲದ ಪಕ್ಕದಲ್ಲಿ ಮನೆ, ಮನೆಗಳ ನಡುವೆ ದೇವಾಲಯ. ನಮ್ಮ ಜಿಲ್ಲೆಯ ಕ್ರೈಸ್ತ ಬಾಳು ಹೀಗೆ ರಾಗಿ ಹೊಲದ ಬದುವಿನ ಮೇಲೆ ಬೇರೂರಿತು.

ಬಿದ್ದವನನ್ನು 'ಹೋಗಲಿ, ಕ್ಷಮಿಸಿದ್ದೇವೆ' ಎಂದು ಹೇಳಿ ಬರಿಗೈಯಲ್ಲಿ ಕಳುಹಿಸಿದರೆ ಅವನು ಎಲ್ಲಿಗೆ ಹೋಗಬೇಕು? ಲೂಕನ ಶುಭಸಂದೇಶದ ತಂದೆ ಮರಳಿ ಬಂದ ಮಗನಿಗೆ ಉಡುಪು, ಉಂಗುರ, ಮೆಟ್ಟು ಕೊಟ್ಟು ಊಟ ಹಾಕಿಸಿದ. ಕ್ಷಮೆಯೆಂದರೆ ಬಾಗಿಲು ತೆರೆಯುವುದು ಮಾತ್ರವಲ್ಲ, ಒಳಗೆ ಕರೆದು ಎಲೆ ಹಾಕುವುದು ಕೂಡ. ಗಂಜಾಂನಲ್ಲಿ ಬಾಗಿಲು ತೆರೆದ ಗುರುವೇ ಸಾತಹಳ್ಳಿಯಲ್ಲಿ ಎಲೆ ಹಾಕಿದರು.

ಅವರ ಇನ್ನೊಂದು ಕೆಲಸವೂ ನಮ್ಮ ವಿಷಯಕ್ಕೆ ತೀರಾ ಹತ್ತಿರವಾದುದು. ಆ ಕಾಲದಲ್ಲಿ ಸಿಡುಬು ಬಂತೆಂದರೆ ಊರಿಗೆ ಊರೇ ನಡುಗುತ್ತಿತ್ತು. ಅದು ದೈವದ ಕೋಪವೆಂದು ಜನ ತಿಳಿದಿದ್ದರು. ಯೂರೋಪಿನ ಕ್ರೈಸ್ತರಲ್ಲೂ ಹಾಗೆ ಭಾವಿಸಿದವರು ಕಡಿಮೆ ಇರಲಿಲ್ಲ. ಎಡ್ವರ್ಡ್ ಜೆನ್ನರ್ ಸಿಡುಬಿನ ಲಸಿಕೆಯನ್ನು ಪ್ರಯೋಗಿಸಿದ್ದು 1796ರಲ್ಲಿ. ಇನ್ನೂ ಹತ್ತು ವರ್ಷ ತುಂಬುವ ಮೊದಲೇ, 1803-04ರಲ್ಲಿ, ದುಬ್ವಾ ಮೈಸೂರು ಸೀಮೆಯಲ್ಲಿ ಅದನ್ನು ಹಾಕಿಸಲು ಓಡಾಡಿದರು. 25 ಸಾವಿರಕ್ಕೂ ಮಿಕ್ಕಿ ಜನ ಲಸಿಕೆ ಪಡೆದದ್ದು ಲೆಕ್ಕಕ್ಕೆ ಸಿಕ್ಕಿದೆ. ಸಿಡುಬು ದೇವರು ಕಳುಹಿಸಿದ ದಂಡನೆಯೇ ಆಗಿದ್ದರೆ, ಲಸಿಕೆ ಹಾಕಿಸಿದ ಗುರು ದೇವರ ಕೈಗೆ ಅಡ್ಡ ನಿಂತಂತಾಗುತ್ತಿತ್ತು. ಅವರು ಹಾಗೆ ತಿಳಿಯಲಿಲ್ಲ. ಹುಟ್ಟುಕುರುಡನನ್ನು ನೋಡಿ 'ಯಾರ ಪಾಪದಿಂದ ಹೀಗಾಯಿತು, ಇವನದೋ, ಹೆತ್ತವರದೋ?' ಎಂದು ಶಿಷ್ಯರು ಕೇಳಿದಾಗ, ಯೇಸುಸ್ವಾಮಿ ಎರಡನ್ನೂ ತಳ್ಳಿಹಾಕಿ ಅವನ ಕಣ್ಣಿಗೆ ಕೆಸರು ಹಚ್ಚಿ ಗುಣಪಡಿಸಿದರು. ಕಾಯಿಲೆಯ ಮುಂದೆ ಕ್ರೈಸ್ತನ ಕೆಲಸ ಪಾಪ ಹುಡುಕುವುದಲ್ಲ, ಆರೈಕೆ ಮಾಡುವುದು. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಿಡುಬು ಭೂಮಿಯಿಂದಲೇ ಅಳಿಯಿತೆಂದು ಸಾರಿತು. ಮನುಷ್ಯರ ಪಾಪವಂತೂ ಆ ವರ್ಷ ಅಳಿದಿರಲಿಲ್ಲ!

ನೀರಿನಲ್ಲಿ ನಿಂತ ದೇವಾಲಯ

ಸಾತಹಳ್ಳಿಯಂತೆಯೇ ನಮ್ಮ ಜಿಲ್ಲೆಯಲ್ಲಿ ಹಳೆಯ ಕ್ರೈಸ್ತ ನೆಲೆ ಶೆಟ್ಟಿಹಳ್ಳಿ. ಅಲ್ಲಿ 1860ರ ದಶಕದಲ್ಲಿ ಫ್ರೆಂಚ್ ಗುರುಗಳು ಜಪಮಾಲೆ ಮಾತೆಗೆ ಭವ್ಯವಾದ ದೇವಾಲಯ ಕಟ್ಟಿಸಿದರು. ಮುಂದೆ ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಲಾಯಿತು. 1979ರಲ್ಲಿ ಅದು ಪೂರ್ಣಗೊಂಡಿತು. ಹಿನ್ನೀರು ಏರಿ, ಊರಿನ ಜನ ಬೇರೆಡೆಗೆ ಹೋಗಬೇಕಾಯಿತು. ಚಾವಣಿ ಹೋದ ದೇವಾಲಯ ಮಳೆಗಾಲದಲ್ಲಿ ಅರ್ಧ ನೀರಿನಲ್ಲಿ ಮುಳುಗಿ, ಬೇಸಗೆಯಲ್ಲಿ ಮತ್ತೆ ಮೈದೋರುತ್ತದೆ. ಈಗ ಗೋಡೆಗಳೂ ಕುಸಿಯುತ್ತಿವೆ. ಅದನ್ನು ನೋಡಲು, ಚಿತ್ರ ತೆಗೆಯಲು ದೂರದೂರಿನಿಂದ ಜನ ಬರುತ್ತಾರೆ.

ಶೆಟ್ಟಿಹಳ್ಳಿಯ ಜನ ಯಾವ ಪಾಪ ಮಾಡಿದ್ದರು? ಯಾವುದೂ ಇಲ್ಲ. ಕೆಳಗಿನ ಬಯಲಿನ ಹೊಲಗಳಿಗೆ ನೀರು ಬೇಕಿತ್ತು, ಅದಕ್ಕೆ ಇವರ ಮನೆ, ಹೊಲ, ದೇವಾಲಯ ಹೋದವು. ಸಿಲೋವಾದ ಗೋಪುರ ಕುಸಿದು ಸತ್ತ ಹದಿನೆಂಟು ಮಂದಿ ಜೆರುಸಲೇಮಿನ ಉಳಿದವರಿಗಿಂತ ಹೆಚ್ಚಿನ ಪಾಪಿಗಳಲ್ಲ ಎಂದು ಯೇಸು ಖಂಡಿತವಾಗಿ ಹೇಳಿದರು (ಲೂಕ 13). ಆದರೆ ಅವರು ಅಲ್ಲಿಗೇ ನಿಲ್ಲಿಸಲಿಲ್ಲ. ಕೇಳುತ್ತಿದ್ದವರ ಕಡೆಗೆ ತಿರುಗಿ, ನೀವು ಪಶ್ಚಾತ್ತಾಪಪಡಿ ಎಂದರು. ಅನ್ಯರ ಕಷ್ಟವನ್ನು ಕಂಡಾಗ ಅವರ ಲೆಕ್ಕ ನೋಡಬೇಡ, ನಿನ್ನ ಲೆಕ್ಕ ನೋಡಿಕೋ ಎಂಬುದೇ ಆ ಮಾತಿನ ಸಾರ. 'ಮಾಡಿದ್ದುಣ್ಣೋ' ಎಂಬ ಗಾದೆ ಬೆರಳನ್ನು ಹೊರಗೆ ತೋರಿಸುತ್ತದೆ. ಶುಭಸಂದೇಶ ಅದನ್ನು ನಮ್ಮ ಎದೆಯ ಕಡೆಗೆ ತಿರುಗಿಸುತ್ತದೆ.

ಇಂದು ನಮ್ಮ ಬಾಗಿಲಲ್ಲಿ ನಿಂತವರು

ಹಾಗಾದರೆ ಪಾಪಕ್ಕೆ ಫಲವೇ ಇಲ್ಲವೆ? ಇದೆ. ಕುಡಿತ ಮನೆಯನ್ನು ಮುರಿಯುತ್ತದೆ, ಸುಳ್ಳು ನಂಬಿಕೆಯನ್ನು ಕೊಲ್ಲುತ್ತದೆ. ದೇವರು ನಮ್ಮನ್ನು ತಿದ್ದುವುದು ಹಲವು ಸಲ ಹೀಗೆ ನಾವೇ ಬಿತ್ತಿದ್ದನ್ನು ನಮಗೆ ತೋರಿಸಿಯೇ. ಪಾಪಸಂಕೀರ್ತನೆಯಲ್ಲಿ ಕ್ಷಮೆ ಪಡೆದ ಮೇಲೂ ಪ್ರಾಯಶ್ಚಿತ್ತ ಇರುತ್ತದೆ. ಕದ್ದದ್ದನ್ನು ಹಿಂದಿರುಗಿಸಬೇಕು, ಕೆಡಿಸಿದ ಹೆಸರನ್ನು ಸರಿಪಡಿಸಬೇಕು. ಜಕ್ಕಾಯ ನಾಲ್ಕರಷ್ಟು ಹಿಂದಿರುಗಿಸಿದ. ಇದು ದೇವರ ಕೋಪ ಇಳಿಸಲು ಹಾಕುವ ತಪ್ಪುಕಾಣಿಕೆಯಲ್ಲ. ಕ್ಷಮೆ ಮೊದಲೇ ಸಿಕ್ಕಿದೆ. ಪ್ರಾಯಶ್ಚಿತ್ತ ಗಾಯ ಮಾಯಲು ಕಟ್ಟುವ ಪಟ್ಟಿ.

ಆ ಪಟ್ಟಿಯನ್ನು ಬಿಚ್ಚುವ ದಿನವೂ ಇರಬೇಕು. ಕೊರಿಂಥದ ಸಭೆ ತಪ್ಪಿತಸ್ಥನೊಬ್ಬನನ್ನು ಶಿಕ್ಷಿಸಿದಾಗ, ಸಂತ ಪೌಲರು ತಮ್ಮ ಎರಡನೆಯ ಪತ್ರದಲ್ಲಿ ಇನ್ನು ಸಾಕು ಎಂದರು. ಅವನು ದುಃಖದಲ್ಲಿ ಮುಳುಗಿ ಹೋಗದಂತೆ ಕ್ಷಮಿಸಿ ಸಂತೈಸಿರಿ ಎಂದು ಬೇಡಿಕೊಂಡರು. ನಾವು ಹಲವು ಸಲ ಈ 'ಸಾಕು' ಎಂಬ ಮಾತನ್ನೇ ಮರೆಯುತ್ತೇವೆ. ನಮ್ಮ ಧರ್ಮಕೇಂದ್ರಗಳಲ್ಲಿ ನೋಡಿ: ಕುಡಿತ ಬಿಟ್ಟು ಹತ್ತು ವರ್ಷವಾದರೂ ಕುಡುಕನೆಂದೇ ಹೆಸರು ಹೊತ್ತವನು, ಮನೆಯವರ ಮಾತು ಮೀರಿ ಮದುವೆಯಾಗಿ ಈಗ ಕೂಸನ್ನೆತ್ತಿಕೊಂಡು ಹಬ್ಬಕ್ಕೆ ಬಂದ ಮಗಳು, ಬೇರೆ ಸಭೆಗೆ ಹೋಗಿ ಮರಳಿ ಬಂದು ಕೊನೆಯ ಬೆಂಚಿನಲ್ಲಿ ಕೂರುವ ಕುಟುಂಬ, ಜೈಲಿನಿಂದ ಬಂದವನು. ದೇವರು ಇವರನ್ನು ಕ್ಷಮಿಸಿರಬಹುದು, ಗುರುಗಳೂ ಕ್ಷಮಿಸಿರಬಹುದು. ಬೀದಿ ಕ್ಷಮಿಸಿರುವುದಿಲ್ಲ.

ಕ್ಷಮೆ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ನಮ್ಮ ಕಾಲದ್ದೇ ಒಂದು ಸಾಕ್ಷಿ ಇದೆ. 1995ರ ಫೆಬ್ರವರಿ 25ರಂದು ಮಧ್ಯಪ್ರದೇಶದ ಇಂದೋರಿನ ಬಳಿ ಬಸ್ಸಿನಲ್ಲಿ ಹೋಗುತ್ತಿದ್ದ ಧರ್ಮಭಗಿನಿ ರಾಣಿ ಮರಿಯಾ ಅವರನ್ನು ಒಬ್ಬಾತ ಇರಿದು ಕೊಂದ. ಅವರ ಸ್ವಂತ ತಂಗಿ, ಅವರೂ ಧರ್ಮಭಗಿನಿ, ಜೈಲಿಗೆ ಹೋಗಿ ಆ ಕೊಲೆಗಾರನ ಕೈಗೆ ರಾಖಿ ಕಟ್ಟಿ ಅಣ್ಣನೆಂದರು. ನ್ಯಾಯಾಲಯ ಕೊಟ್ಟ ಶಿಕ್ಷೆಯನ್ನು ಅವನು ಅನುಭವಿಸಿದ. ಆದರೆ ಆ ರಾಖಿ ಅವನ ಮನಸ್ಸನ್ನು ತಿರುಗಿಸಿತು. ಬಿಡುಗಡೆಯಾದ ಮೇಲೆ ಅವನು ತಾನು ಕೊಂದವರ ಮನೆಗೇ ಹೋಗಿ ಕ್ಷಮೆ ಕೇಳಿದ. 2017ರ ನವೆಂಬರ್ 4ರಂದು ರಾಣಿ ಮರಿಯಾ ಅವರನ್ನು ಪುನೀತೆ ಎಂದು ಘೋಷಿಸಲಾಯಿತು.

ಪ್ರಿಯ ಓದುಗರೇ, ನಮ್ಮ ಪೂರ್ವಜರಲ್ಲಿ ಯಾರು ಗಟ್ಟಿಯಾಗಿ ನಿಂತರು, ಯಾರು ಬಿದ್ದು ಎದ್ದರು ಎಂಬ ಪಟ್ಟಿ ಯಾರ ಮನೆಯಲ್ಲೂ ಇಲ್ಲ. 1799ರಲ್ಲಿ ಮರಳಿ ಬಂದವರಿಗೆ ಬಾಗಿಲು ಮುಚ್ಚಿದ್ದರೆ ಈ ನಾಡಿನ ಎಷ್ಟು ದೇವಾಲಯಗಳಲ್ಲಿ ಇಂದು ಗಂಟೆ ಮೊಳಗುತ್ತಿತ್ತೋ ತಿಳಿಯದು. ದುಬ್ವಾ ಸ್ವತಃ ಈ ನೆಲದಲ್ಲಿ ಕ್ರೈಸ್ತಧರ್ಮ ಬೆಳೆಯುವುದೆಂಬ ಆಸೆಯನ್ನೇ ಬಿಟ್ಟು ಹೊರಟುಹೋದರು. ಆದರೂ ಅವರು ನೆಟ್ಟದ್ದು ಒಣಗಲಿಲ್ಲ. 1963ರಲ್ಲಿ ಚಿಕ್ಕಮಗಳೂರು ಧರ್ಮಕ್ಷೇತ್ರ ರೂಪುಗೊಂಡಾಗ ಹಾಸನ ಸೀಮೆಯೂ ಅದರ ಮಡಿಲಿಗೆ ಬಂತು. ಮನುಷ್ಯರು ಕೈಬಿಟ್ಟದ್ದನ್ನು ದೇವರು ಕೈಬಿಡಲಿಲ್ಲ.

ಈ ತಪಸ್ಸು ಕಾಲದಲ್ಲಿ ನಾವು ಮಾಡಬಹುದಾದ ಪ್ರಾಯಶ್ಚಿತ್ತಗಳಲ್ಲಿ ಒಂದು ಹೀಗಿರಲಿ. ನಮ್ಮ ಕುಟುಂಬದಲ್ಲಿ, ನಮ್ಮ ಬೀದಿಯಲ್ಲಿ, 'ಅವರ ಹೆಸರೆತ್ತಬೇಡಿ' ಎಂದು ನಾವು ದೂರವಿಟ್ಟ ಒಬ್ಬರನ್ನು ನೆನಪಿಸಿಕೊಳ್ಳೋಣ. ಪಾಸ್ಕ ಹಬ್ಬಕ್ಕೆ ಮುಂಚೆ ಅವರ ಮನೆಗೆ ಹೋಗೋಣ, ಇಲ್ಲವೇ ಅವರನ್ನು ನಮ್ಮ ಮನೆಗೆ ಕರೆಯೋಣ. ಹಳೆಯ ಲೆಕ್ಕ ತೆಗೆಯುವ ಮೊದಲು ಎಲೆ ಹಾಕೋಣ. ಕೆರೆದಂಡೆಯಲ್ಲಿ ಪ್ರಭು ಮಾಡಿದ್ದೂ ಅದನ್ನೇ. ನಮ್ಮನ್ನು ತಿದ್ದುವ, ತಿದ್ದಿ ಎತ್ತಿಕೊಳ್ಳುವ ತಂದೆಯ ಕೃಪೆ ನಿಮ್ಮೆಲ್ಲರ ಮನೆಗಳ ಮೇಲಿರಲಿ.